ರಾಕ್ನಿ ಕಾರಿನ ಪಕ್ಕದ ಸೀಟು

"ಕೂಡಬ್ಯಾಡ್ರೀ...!"

ಜಯದೇವಿ ಕೂಗುವಷ್ಟರಲ್ಲಿ ಅವನು ಕೂತಾಗಿತ್ತು. ಹಳೇ ಸೀಟಿನಿಂದ ಇಣುಕುತ್ತಿದ್ದ ಸ್ಪ್ರಿಂಗು ಪ್ಯಾಂಟನ್ನು ಪರ್ರನೆ ಹರಿದುಹಾಕಿತು!

"ಮೊದಲ ಸೀಟ್ ಹೊಲೀಲೋ, ಪ್ಯಾಂಟ್ ಹೊಲೀಲೋ?" ಅವಳ ಅಪ್ಪ ಶರಣಪ್ಪ ನಕ್ಕರು.

ಎಲ್ಕ್ ಗ್ರೋವ್ ವಿಲೇಜ್‌ನಲ್ಲಿ ಕಾರಿನ ಸೀಟು ಹೊಲಿಯುವ ಅಂಗಡಿ ಅವರದು. ಎಲ್ಲೆಡೆ ಕೆಲಸ ಹೋಗುತ್ತಿದ್ದ 2009ರ ಆ ವಸಂತದಲ್ಲಿ, ಓಕ್ ಬ್ರೂಕ್‌ನ ಆಫೀಸು ಕೆಲಸ ಕಳೆದುಕೊಂಡ ಮಗಳೂ ಅಲ್ಲಿ ಸೂಜಿ ಹಿಡಿದಿದ್ದಳು.

ಹರಿದ ಪ್ಯಾಂಟಿನವನು ಮೈಸೂರಿನ ಶ್ರೀಹರಿ. ಡೆಟ್ರಾಯಿಟ್ ಕಡೆಯ ರಾಚೆಸ್ಟರ್ ಹಿಲ್ಸ್‌ನಿಂದ ಟ್ರೈಲರ್ ಮೇಲೆ ಕಾರು ತಂದಿದ್ದ. 1932ರ ರಾಕ್ನಿ, ಆರು ಸಿಲಿಂಡರಿನದು. ಊರು ಬಿಟ್ಟ ನೆರೆಮನೆಯ ಅಜ್ಜ ಅವನಿಗೇ ಕೊಟ್ಟುಹೋಗಿದ್ದ.

ಆಮೇಲೆ ಪ್ರತಿ ಶನಿವಾರ ಬಂದ. ಮಾತು ಕಡಿಮೆ. ಅವಳು ಕೈ ಚಾಚುವ ಮೊದಲೇ ದಾರ ಕೊಡುತ್ತಿದ್ದ. ಆ ಮೌನ ಅವಳಿಗೆ ಅಭ್ಯಾಸವಾಯಿತು. ಆಮೇಲೆ ಬೇಕೇ ಬೇಕೆನಿಸಿತು...

"ಸೀಟ್ ನೋಡಾಕ ಮುನ್ನೂರು ಮೈಲಿ ಬರ್ತಾನೇನವ್ವಾ?" ಅಪ್ಪ ಛೇಡಿಸಿದರು.

ಕೂರುವವರ ತೂಕ ಕೇಳಿಯೇ ಆ ಅಂಗಡಿಯಲ್ಲಿ ಸ್ಪ್ರಿಂಗುಗಳನ್ನು ದಾರದಿಂದ ಬಿಗಿದು ಕಟ್ಟುವುದು. ನಾಲ್ಕನೇ ಶನಿವಾರ ಜಯದೇವಿ ಕೇಳಿದಳು: "ನಿಮ್ಮ ಪಕ್ಕ ಯಾರು ಕೂಡ್ತಾರ್ರೀ?"

ಶ್ರೀಹರಿ ಕೈಯಲ್ಲಿದ್ದ ದಾರದ ಉಂಡೆ ತಿರುಗಿಸಿದ. "ಒಬ್ಬರಿದ್ದಾರೆ... ಹೆಚ್ಚುಕಮ್ಮಿ ನಿಮ್ಮಷ್ಟೇ ತೂಕ."

ಓ... ಇವನಿಗೆ ಯಾರೋ ಇದ್ದಾಳೆ!

ಎದೆ ಭಾರವಾಯಿತು. ಆದರೂ ಒಂದೊಂದು ಗಂಟು ಹಾಕಿದಾಗಲೂ ತಾನೇ ಕೂತು ನೋಡಿದಳು. ಯಾರಾದರೇನು, ಅವಳ ಬೆನ್ನು ನೋಯದಿರಲಿ.

ಕೊನೆಯ ಶನಿವಾರ ಬಂದೇಬಿಟ್ಟಿತು.

"ನಿಮ್ಮವರನ್ನ ಕರ್ಕೊಂಡು ಬಂದು ಕೂಡಿಸಿ ನೋಡ್ರಿ. ಬಿಗಿ ಆದ್ರ ಸಡಿಲ ಮಾಡ್ತೀನಿ."

"ಯಾರನ್ನ?"

"ನನ್ನಷ್ಟು ತೂಕದವರನ್ನ!"

ಶ್ರೀಹರಿ ಕಾರಿನ ಬಾಗಿಲು ತೆರೆದು ಹಿಡಿದ. "ಕೂತ್ಕೊಳ್ಳಿ ಜಯಾ... ನಾನು ಹೇಳಿದ್ದು ನಿಮ್ಮನ್ನೇ."

ಅವಳ ಕಣ್ಣು ತುಂಬಿತು. "ಅವತ್ತೇ ಹೇಳಾಕ ಏನಾಗಿತ್ರೀ?!"

"ಜನವರೀಲಿ ನನ್ನ ಕೆಲಸ ಹೋಯ್ತು. ಇನ್ನೊಂದು ಸಿಗ್ಲಿ, ಆಮೇಲೆ ಕೇಳೋಣ ಅಂತ..."

"ಸಿಕ್ತೇನು?"

"ಇಲ್ಲ."

"ಮತ್ತ ಈಗ್ಯಾಕ?"

ಅವನು ರಾಕ್ನಿಯ ಬಾನೆಟ್ ಸವರಿದ. "ಇದನ್ನ ಮಾಡಿದ್ದೂ ಇಂಥದೇ, ಯಾರಿಗೂ ಕೆಲಸ ಇಲ್ಲದ ಕಾಲದಲ್ಲಿ. ಎರಡೇ ವರ್ಷಕ್ಕೆ ನಿಲ್ಲಿಸ್ಬಿಟ್ರು. ಒಳ್ಳೆ ಕಾಲ ಬರ್ಲಿ ಅಂತ ಕಾದಿದ್ರೆ ಇದು ರಸ್ತೆಗೇ ಇಳೀತಿರ್ಲಿಲ್ಲ... ಎಲ್ಲಾ ಹೋಯ್ತು ಅನ್ಕೊಂಡಿದ್ದೆ ಜಯಾ. ನೀವು ನಂಗೆ ಶನಿವಾರಗಳನ್ನ ಕೊಟ್ರಿ. ಥ್ಯಾಂಕ್ಸ್ ಅಂದ್ರೆ ಸಾಲಲ್ಲ, ಗೊತ್ತು."

ಜಯದೇವಿ ಕೂತಳು. ಸ್ಪ್ರಿಂಗು ಗುರುತು ಹಿಡಿದಂತೆ ಮೆಲ್ಲಗೆ ತಗ್ಗಿತು.

"ಹೇಗಿದೆ?"

"ಬಿಗೀನೂ ಇಲ್ಲ, ಸಡಿಲೂ ಇಲ್ಲ..." ಕಣ್ಣೊರೆಸಿಕೊಂಡು ನಕ್ಕಳು. "ಬರ್ರಿ, ನೀವೂ ಕೂಡ್ರಿ. ಹೆದರಬ್ಯಾಡ್ರಿ, ಈ ಸಲ ಪ್ಯಾಂಟ್ ಹರಿಯಂಗಿಲ್ಲ!"