ಹತ್ತಕ್ಕೆ ಎಂಟು

"ನೀವೂ 'ಕಾರು ಸರಿಯಾಗೇ ಇದೆ, ಯಾವ ಸದ್ದೂ ಇಲ್ಲ' ಅನ್ನೋದಾದ್ರೆ ಈಗಲೇ ಹೇಳಿಬಿಡಿ. ನಾನು ಹೊರಡ್ತೀನಿ."

ಕೌಂಟರಿನ ಆಚೆ ನಿಂತವನ ದನಿ ಏರಿರಲಿಲ್ಲ. ಆದರೂ ಗಾಜಿನ ಗೋಡೆಯ ಆ ಸರ್ವೀಸ್ ಹಾಲಿನಲ್ಲಿ ಕಾಫಿ ಹೀರುತ್ತಿದ್ದ ಗಿರಾಕಿಗಳೆಲ್ಲ ತಿರುಗಿ ನೋಡಿದರು.

ಕೌಂಟರಿನ ಈಚೆ ಕೂತು ಗಿರಾಕಿಗಳ ದೂರು ಬರೆದುಕೊಳ್ಳುವ ಅವಳು ಕಂಪ್ಯೂಟರಿನಿಂದ ತಲೆಯೆತ್ತಿದಳು. ಅವನದು ಇಸ್ತ್ರಿ ಮಾಡಿದ ಅಂಗಿ, ಸಿಟ್ಟು ನುಂಗಿಕೊಂಡ ಮುಖ, ಬಲಗೈ ಬೆರಳಿಗೆ ಕೆಂಪು ಶಾಯಿ. ಇಂಥ ದುಬಾರಿ ಕಾರಿನ ಕೀ ಹಿಡಿದ ಕೈಯಲ್ಲಿ ಶಾಯಿಯ ಕಲೆ ನೋಡಿದ್ದು ಅವಳಿಗೆ ಇದೇ ಮೊದಲು.

"ಇದು ಎಷ್ಟನೇ ಸಲ ಬರ್ತಿರೋದು ಸರ್?"

"ಲೆಕ್ಕ ಇಡೋದು ಬಿಟ್ಟಿದೀನಿ. ನಾನು ಗಣಿತದ ಮೇಷ್ಟ್ರು. ನನಗೇ ಲೆಕ್ಕ ಬೇಡ ಅನ್ನಿಸೋಷ್ಟು ಸಾಕಾಗಿದೆ."

ನಗು ಬಂತು. ಬಂದ ನಗುವನ್ನು ಹಾಗೇ ನುಂಗಿದಳು. ಮೊದಲ ಭೇಟಿಯಲ್ಲೇ ಗಿರಾಕಿಯ ಕಷ್ಟ ಕೇಳಿ ನಕ್ಕರೆ ಕೆಲಸ ಉಳಿಯುತ್ತದೆಯೇ!

ಕಾರು ಅವನದಲ್ಲ, ಅವನನ್ನು ಸಾಕಿ ಬೆಳೆಸಿದ ಸೋದರತ್ತೆಯದು. ಅತ್ತೆ ನಿವೃತ್ತ ಡಾಕ್ಟರು. ಸ್ವಂತ ದುಡಿಮೆಯಲ್ಲಿ ಕೊಂಡ ಕಾರು, ಹಿಂದಿನ ಸೀಟಿನಲ್ಲಿ ಎಡಗಡೆ ಅವರ ಕಾಯಂ ಜಾಗ. ಅಲ್ಲಿ ಕೂತಾಗ ಏನೋ ಟಕ್ ಟಕ್ ಅನ್ನುತ್ತದೆ ಎಂದು ಅವರ ದೂರು. ಇಲ್ಲಿಯವರು ಪ್ರತಿಸಲವೂ ಕಾರನ್ನು ಒಂದು ಸುತ್ತು ಓಡಿಸಿ, ಯಾವ ಸದ್ದೂ ಇಲ್ಲ ಎಂದು ವಾಪಸ್ ಕಳಿಸಿದ್ದರು. ಈಗ ನೆಂಟರಿಷ್ಟರೆಲ್ಲ ಅತ್ತೆಗೆ ವಯಸ್ಸಾಯಿತು, ಇಲ್ಲದ್ದೆಲ್ಲ ಕೇಳಿಸುತ್ತದೆ ಎನ್ನತೊಡಗಿದ್ದರಂತೆ.

"ಜೀವಮಾನವೆಲ್ಲ ಬೇರೆಯವರ ಎದೆಬಡಿತ ಕೇಳಿ ಕಾಯಿಲೆ ಹೇಳಿದವರು ಅವರು," ಎಂದ ಮೇಷ್ಟ್ರು. ಅವನ ದನಿ ಈಗ ಮೆತ್ತಗಾಗಿತ್ತು. "ಇವತ್ತು ಅವರ ಕಿವಿಯನ್ನೇ ಯಾರೂ ನಂಬ್ತಿಲ್ಲ. ನನಗೆ ಕಾರಿನ ಚಿಂತೆ ಇಲ್ಲ ಮೇಡಂ."

ಆ ಮಾತು ಅವಳಿಗೆ ನೇರವಾಗಿ ನಾಟಿತು.

"ಸದ್ದು ಸಿಗೋವರೆಗೂ ಈ ಕಾರು ನನ್ನ ಜವಾಬ್ದಾರಿ. ನಾನು ಹೇಳಿದೀನಿ ಅಂದ್ರೆ ಹೇಳಿದೀನಿ."

ಅವಳ ಹಟ ನಿಮಗೆ ಗೊತ್ತಿಲ್ಲ, ಅದಕ್ಕೇ ಸ್ವಲ್ಪ ಹೇಳಿಬಿಡುತ್ತೇನೆ. ಅವಳ ಅಮ್ಮ ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಹೊರಗೆ ಕಾಣುವ ಹೊಲಿಗೆಗಿಂತ ಒಳಗಿನ ಹೊಲಿಗೆಗೇ ಅಮ್ಮ ಹೆಚ್ಚು ಹೊತ್ತು ಕೂರುತ್ತಾಳೆ. ಯಾರು ನೋಡ್ತಾರಮ್ಮ ಎಂದು ಮಗಳು ಚಿಕ್ಕವಳಿದ್ದಾಗ ಕೇಳಿದ್ದಕ್ಕೆ, ಹೊಲಿದವಳು ನಾನು ನೋಡ್ತೀನಲ್ಲ ಎಂದಿದ್ದಳು. ಅಂಥ ತಾಯಿಯ ಮಗಳು ಬೇರೆ ಹೇಗಿರಲು ಸಾಧ್ಯ?

ಆದರೆ ಆ ತಿಂಗಳು ಅವಳ ಹಣೆಬರಹ ಬೇರೆಯವರ ಕೈಯಲ್ಲಿತ್ತು. ಸರ್ವೀಸ್ ಮ್ಯಾನೇಜರ್ ಕುರ್ಚಿ ಖಾಲಿಯಾಗಿತ್ತು. ಇಲ್ಲಿಯವರೆಗೆ ಹೆಂಗಸೊಬ್ಬಳು ಕೂರದ ಕುರ್ಚಿ ಅದು. ಅವಳಿಗೆ ಅದು ಬೇಕಿತ್ತು, ಬೇಕೇ ಬೇಕಿತ್ತು. ಕೊಡುವುದು ಗಿರಾಕಿಗಳ ಅಂಕ ನೋಡಿ. ಕಾರು ಮನೆ ಸೇರಿದ ಮೇಲೆ ಕಂಪನಿಯವರು ಫೋನ್ ಮಾಡಿ, ನಮ್ಮ ಸೇವೆಗೆ ಹತ್ತಕ್ಕೆ ಎಷ್ಟು ಕೊಡ್ತೀರಿ ಎಂದು ಕೇಳುತ್ತಾರೆ. ಒಳಗಿನ ಗುಟ್ಟೇನೆಂದರೆ, ಒಂಬತ್ತೋ ಹತ್ತೋ ಬಂದರೆ ಮಾತ್ರ ಲೆಕ್ಕ. ಎಂಟು ಬಂದರೂ ಸೊನ್ನೆ ಬಂದರೂ ಕಂಪನಿಗೆ ಒಂದೇ!

ಅದಕ್ಕೇ ಅಲ್ಲಿ ಎಲ್ಲರೂ ಅಂಕ ಬೇಡುತ್ತಿದ್ದರು. ಪಕ್ಕದ ಕೌಂಟರಿನವನಿಗಂತೂ ಚಾಕೊಲೇಟ್ ಸರ್ ಎಂದೇ ಹೆಸರು. ಕೀ ಜೊತೆ ಒಂದು ಚಾಕೊಲೇಟ್ ಡಬ್ಬಿ ಕೊಟ್ಟು, ಹತ್ತು ಕೊಡದಿದ್ದರೆ ನನ್ನ ಹೆಂಡತಿ ಮಕ್ಕಳು ಬೀದಿಗೆ ಬೀಳ್ತಾರೆ ಎಂದು ಕೈಮುಗಿಯುತ್ತಿದ್ದ. ಆಸಾಮಿಗೆ ಇನ್ನೂ ಮದುವೆಯೇ ಆಗಿರಲಿಲ್ಲ.

ಅವಳು ಮಾತ್ರ ಯಾರನ್ನೂ, ಯಾವತ್ತೂ ಕೇಳಿದವಳಲ್ಲ.

ಮರುದಿನ ಅವಳು ಡಾಕ್ಟರ್ ಅತ್ತೆಯನ್ನೇ ಕರೆಸಿದಳು. ಅವಳನ್ನು ಅಕ್ಕ ಎಂದು ಕರೆಯುತ್ತಿದ್ದ ಮೆಕ್ಯಾನಿಕ್‌ಗಳಿಗೆ ಇದು ತಮಾಷೆಯಾಗಿ ಕಂಡಿತು. ಅಲ್ಲಿಯ ಪದ್ಧತಿಯೆಂದರೆ ಇಬ್ಬರು ಮುಂದಿನ ಸೀಟಿನಲ್ಲಿ ಕೂತು ಓಡಿಸಿ ಬರುವುದು. ಹಿಂದೆ ಕೂತು ಕೇಳಬೇಕೆಂದು ಒಬ್ಬರಿಗೂ ಹೊಳೆದಿರಲಿಲ್ಲ! ಮೇಷ್ಟ್ರು ಸ್ಟಿಯರಿಂಗ್ ಹಿಡಿದ. ಇವಳು ಅತ್ತೆಯ ಪಕ್ಕದಲ್ಲಿ ಹಿಂದೆ ಕೂತಳು. ರಸ್ತೆ ಉಬ್ಬು ಹತ್ತಿ ಎಡಕ್ಕೆ ತಿರುಗಿದಾಗ...

ಟಕ್.

ಅತ್ತೆ ಅವಳ ಮುಖ ನೋಡಿದರು. ಕೇಳಿಸಿತಾ ಎಂದು ಕೇಳುವ ಧೈರ್ಯ ಅವರಿಗೆ ಇದ್ದಂತಿರಲಿಲ್ಲ.

"ಕೇಳಿಸ್ತು ಡಾಕ್ಟ್ರೇ," ಎಂದಳು ಅವಳು.

ಕನ್ನಡಿಯಲ್ಲಿ ಮೇಷ್ಟ್ರ ಕಣ್ಣು ಅವಳನ್ನು ಹುಡುಕಿತು. ಅವಳು ಕಿಟಕಿಯ ಕಡೆ ತಿರುಗಿದಳು. *ಇದೇನು, ಸದ್ದು ಸಿಕ್ಕಿದ್ದಕ್ಕೆ ಇಷ್ಟೊಂದು ಎದೆ ಹೊಡೆದುಕೊಳ್ಳುತ್ತಾ...*

ಎಡ ಹಿಂಬಾಗಿಲನ್ನು ಬಿಚ್ಚಿಸಿದಾಗ ತಳದಲ್ಲಿ ಒಂದು ಸ್ಕ್ರೂ ಸಿಕ್ಕಿತು. ಹಿಂದೊಮ್ಮೆ ಕಿಟಕಿಯ ಗಾಜು ಏರಿಳಿಸುವ ಮೋಟರ್ ಬದಲಾಯಿಸಿದ್ದು ಇದೇ ವರ್ಕ್‌ಶಾಪಿನವರು, ಒಳಗೆ ಬೀಳಿಸಿ ಮರೆತವರೂ ಇವರೇ. ಹಿರಿಯ ಮೆಕ್ಯಾನಿಕ್ ಅವಳಿಗೆ ಕಣ್ಸನ್ನೆ ಮಾಡಿದ. ಜೇಬಿಗೆ ಹಾಕಿಕೊಂಡುಬಿಡು, ಸದ್ದು ನಿಂತಿತಲ್ಲ ಎಂದು ಅದರ ಅರ್ಥ.

ಅವಳು ಆ ಸ್ಕ್ರೂವನ್ನು ಒರೆಸಿ, ಅತ್ತೆಯ ಅಂಗೈಯಲ್ಲಿಟ್ಟಳು.

"ನಿಮ್ಮ ಕಿವಿ ಸರಿಯಾಗೇ ಇದೆ ಡಾಕ್ಟ್ರೇ. ಇದು ನಮ್ಮವರೇ ಬಿಟ್ಟದ್ದು. ತಪ್ಪು ನಮ್ಮದು."

ಅತ್ತೆ ಮುಷ್ಟಿ ಬಿಗಿ ಹಿಡಿದು ನೆಟ್ಟಗೆ ಕೂತರು. ಕಣ್ಣು ತುಂಬಿದ್ದು ಮಾತ್ರ ಮೇಷ್ಟ್ರದು.

ಆಮೇಲೆ ಮೇಷ್ಟ್ರು ಮತ್ತೆ ಬಂದ. ವೈಪರ್ ಸರಿಯಿಲ್ಲ ಎಂದು ಬಂದ, ಸರಿಯಾಗೇ ಇತ್ತು. ಟಯರಿಗೆ ಗಾಳಿ ನೋಡಿ ಎಂದು ಬಂದ, ಅದೂ ಸರಿಯಾಗೇ ಇತ್ತು. ಕಾರಿಗೆ ಕಾಯುವ ನೆಪದಲ್ಲಿ ಅವನು ಅವಳ ಬಿಡುವಿಗೆ ಕಾದ, ಬಿಡುವಾದಾಗ ಇಬ್ಬರೂ ಕಾಫಿ ಕುಡಿದರು. ಅವನ ಶಾಲೆಯ ಕಥೆ ಕೇಳಿ ಅವಳು ನಕ್ಕಳು, ಅವಳ ಅಮ್ಮನ ಹೊಲಿಗೆಯ ಕಥೆ ಕೇಳಿ ಅವನು ತನ್ನ ಅಂಗಿಯ ತೋಳು ಮಗುಚಿ ಒಳಹೊಲಿಗೆ ನೋಡಿಕೊಂಡ. ಮನೆಯಲ್ಲಿ ಅಮ್ಮ ಮಗಳ ಮುಖ ನೋಡಿ, ಯಾವ ಕಾರಮ್ಮ ಇದು, ದಿನಾ ಕೆಡೋದು ಎಂದು ಕೇಳಿದಳು.

ಅಷ್ಟರಲ್ಲಿ ಮೇಷ್ಟ್ರು ಕಂಪನಿಗೆ ಕೊಟ್ಟ ಅಂಕ ಬಂತು.

ಎಂಟು!

ಅವಳು ಪರದೆಯನ್ನು ನೋಡುತ್ತಲೇ ನಿಂತಳು. *ನಗ್ತಾ ಕಾಫಿ ಕುಡಿದವನು... ಅತ್ತೆಯ ಕಣ್ಣೆದುರೇ ಅಷ್ಟೆಲ್ಲ ಆದಮೇಲೂ... ಎಂಟಾ?*

ಆ ಒಂದು ಅಂಕದಿಂದ ತಿಂಗಳ ಸರಾಸರಿ ಚಾಕೊಲೇಟ್ ಸರ್‌ಗಿಂತ ಕೂದಲೆಳೆಯಷ್ಟು ಕೆಳಗಿಳಿಯಿತು. ವಲಯದ ಮುಖ್ಯಸ್ಥರು ಒಳ್ಳೆಯ ಮನುಷ್ಯ, ಅವಳನ್ನು ಕರೆದು ದಾರಿಯನ್ನೂ ಹೇಳಿಕೊಟ್ಟರು. ಮೇಷ್ಟ್ರಿಗೆ ಒಂದು ಫೋನ್ ಮಾಡಿದರೆ ಆಯಿತು, ತಪ್ಪಿ ಎಂಟು ಅಂದೆ ಎಂದು ಅವರು ಒಂದು ಮಾತು ಹೇಳಿದರೆ ಕುರ್ಚಿ ಅವಳದೇ.

"ಬೇಡ ಸರ್. ಕೇಳಿ ತಗೊಂಡ ಹತ್ತರ ಮೇಲೆ ಕೂತ್ಕೊಂಡ್ರೆ ಆ ಕುರ್ಚಿ ನನ್ನದು ಅನ್ನಿಸಲ್ಲ."

ಹೊರಗೆ ಬಂದು ಪಾರ್ಟ್ಸ್ ಕೋಣೆಯ ಹಿಂದೆ ನಿಂತು ಚೆನ್ನಾಗಿ ಅತ್ತಳು. ಆಮೇಲೆ ಮುಖ ತೊಳೆದು ಕೌಂಟರಿಗೆ ಹೋದಳು. ಸಂಜೆ ಚಾಕೊಲೇಟ್ ಸರ್ ಕೈಗೆ ಮೊದಲು ಅಭಿನಂದನೆಯ ಹೂಗುಚ್ಛ ಕೊಟ್ಟವಳೂ ಅವಳೇ.

ಮುಂದಿನ ಸಲ ಮೇಷ್ಟ್ರು ಬಂದಾಗ ಅವಳು ಎದ್ದು ನಿಂತು, ನಮಸ್ಕಾರ ಸರ್, ನಮ್ಮಿಂದ ಏನಾಗಬೇಕಿತ್ತು ಎಂದಳು. ಮುಖದಲ್ಲಿ ಕಂಪನಿ ಕಲಿಸಿದ ನಗು. ಅವನು ತಬ್ಬಿಬ್ಬಾಗಿ, ಹಾರ್ನ್ ಸರಿಯಿಲ್ಲ ಎಂದು ಗೊಣಗಿದ. ಹಾರ್ನ್ ಪರೀಕ್ಷಿಸಿ, ಸರಿಯಿದೆ ಎಂದು ಕೀ ಕೊಟ್ಟು, ಒಳಗೆ ಹೋಗಿಬಿಟ್ಟಳು.

ಪೆಚ್ಚುಮೋರೆ ಹಾಕಿಕೊಂಡು ನಿಂತವನಿಗೆ ಕೊನೆಗೆ ವಿಷಯ ಬಾಯಿಬಿಟ್ಟವನು ಹೊಸ ಮ್ಯಾನೇಜರ್. ಚಾಕೊಲೇಟ್ ಸರ್ ಕೆಟ್ಟವನಲ್ಲ ನೋಡಿ, ಗೆದ್ದಾಗಿನಿಂದ ಅವನಿಗೂ ಒಂದು ಥರ ಕಸಿವಿಸಿ ಇತ್ತು.

ಮೇಷ್ಟ್ರು ಮರುದಿನ ಮಧ್ಯಾಹ್ನ ಶಾಲೆ ಮುಗಿಸಿ, ಕಾರನ್ನು ಗೇಟಿನ ಬಳಿಯೇ ನಿಲ್ಲಿಸಿ ಒಳಗೆ ಓಡಿ ಬಂದ. ಅವಳು ಕಾರು ತೊಳೆಯುವ ಅಂಗಳದಲ್ಲಿದ್ದಳು.

"ನನಗೆ ಗೊತ್ತಿರಲಿಲ್ಲ ಕಣ್ರೀ..." ಏದುಸಿರು ಬಿಡುತ್ತಿದ್ದ. "ಗಣಿತದಲ್ಲೂ ಯಾರಿಗೂ ಹತ್ತಕ್ಕೆ ಹತ್ತು ಕೊಡದ ಮೇಷ್ಟ್ರು ನಾನು. ಇನ್ನೂ ಕಲಿಯೋದಿದೆ ಅಂತ ಒಂದು ಯಾವಾಗಲೂ ಕಳೀತೀನಿ. ಇನ್ನೊಂದು, ಆ ಸ್ಕ್ರೂಗೆ ಕಳೆದೆ. ತಪ್ಪು ನಮ್ಮದು ಅಂತ ನೀವೇ ಹೇಳಿದ್ರಲ್ಲ. ಎಂಟು ಅಂದ್ರೆ ನನ್ನ ಕೈಯಿಂದ ಇದುವರೆಗೆ ಬಂದ ದೊಡ್ಡ ಅಂಕ. ನಮ್ಮ ಮಕ್ಕಳು ಏಳು ಸಿಕ್ಕರೇ ಮನೆಗೆ ಓಡ್ತಾರೆ. ನಾನು ಇವತ್ತೇ ಕಂಪನಿಗೆ ಫೋನ್ ಮಾಡಿ..."

"ಮಾಡಿದ್ರೆ ಇನ್ಮೇಲೆ ನನ್ನ ಕೌಂಟರಿಗೆ ಬರಬೇಡಿ."

ಅವನು ಆಗಲೇ ಹೊರತೆಗೆದಿದ್ದ ಫೋನನ್ನು ಜೇಬಿಗೆ ಹಾಕಿದ.

ಅವಳ ಸಿಟ್ಟು ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ. ಮುಚ್ಚಿಡಬಹುದಾಗಿದ್ದ ಸ್ಕ್ರೂವನ್ನು ಅವಳು ಮುಚ್ಚಿಡಲಿಲ್ಲ. ಮೆಚ್ಚಿದವಳೆಂದು ಅವನು ಅಂಕ ಕೂಡಿಸಲಿಲ್ಲ. ಬೇರೆಯವರು ಬೇಡಿ ತಂದ ಅಷ್ಟೂ ಹತ್ತುಗಳ ನಡುವೆ, ಬೇಡದೆ ಬಂದ ಈ ಎಂಟು ಅವಳಿಗೆ ಒಮ್ಮೆಗೇ ಹೆಮ್ಮೆ ಅನ್ನಿಸಿತು.

"ಕುರ್ಚಿ ಹೋದ್ರೆ ಹೋಗಲಿ," ಎಂದಳು. "ಹೊಸ ಮ್ಯಾನೇಜರ್ ಇವತ್ತು ಬೆಳಿಗ್ಗೆ ಮೊದಲ ಆರ್ಡರ್ ಹಾಕಿದ್ರು. ಸದ್ದು ಅಂತ ಬಂದ ಕಾರಿಗೆಲ್ಲ, ಗಿರಾಕಿ ಕೂತ ಸೀಟಲ್ಲೇ ನಮ್ಮವರು ಕೂತು ಕೇಳಬೇಕಂತೆ. ಮೆಕ್ಯಾನಿಕ್‌ಗಳು ಅದಕ್ಕೆ 'ಅಕ್ಕನ ಸೀಟು' ಅಂತ ಹೆಸರಿಟ್ಟಿದಾರೆ."

ಹೇಳುವಾಗ ಅವಳ ತಲೆ ತಾನಾಗಿಯೇ ಎತ್ತರಕ್ಕೆ ಹೋಯಿತು. ಮೇಷ್ಟ್ರು ಕಣ್ಣು ಕೀಳದೆ ನೋಡಿದ.

"ವೈಪರ್, ಟಯರ್, ಹಾರ್ನ್... ಒಂದೂ ಕೆಟ್ಟಿರಲಿಲ್ಲ."

"ಗೊತ್ತು. ನಾನೇ ನೋಡಿದ್ದಲ್ವಾ."

"ನಿಮ್ಮನ್ನ ನೋಡದಿದ್ರೆ ನನಗೆ ಆಗಲ್ಲ. ಅದನ್ನ ಹೇಳೋಕೆ ಬರದೆ ಕಾರಿನ ಮೇಲೆ ಸುಳ್ಳು ಹೇಳ್ತಾ ಇದ್ದೆ. ಮದುವೆ ಆಗ್ತೀರಾ?"

ನೀರಿನ ಪೈಪ್ ಹಿಡಿದಿದ್ದ ಹಿರಿಯ ಮೆಕ್ಯಾನಿಕ್ ಮೆಲ್ಲಗೆ ನಲ್ಲಿ ನಿಲ್ಲಿಸಿದ. ಅಷ್ಟರಲ್ಲಿ ಗೇಟಿನ ಬಳಿ ನಿಂತಿದ್ದ ಕಾರಿನ ಹಿಂದಿನ ಗಾಜು, ಎಡಗಡೆಯದು, ಸದ್ದಿಲ್ಲದೆ ಕೆಳಗಿಳಿಯಿತು.

"ನನ್ನ ಕಿವಿ ಚೆನ್ನಾಗೇ ಇದೆ ಅಂತ ನೀನೇ ಹೇಳಿದ್ದೀಯಮ್ಮ," ಎಂದರು ಡಾಕ್ಟರ್ ಅತ್ತೆ. ಅವರ ಕೈಯ ಮನೆ ಕೀಗೊಂಚಲಲ್ಲಿ ಆ ಸ್ಕ್ರೂ ನೇತಾಡುತ್ತಿತ್ತು. "ಎಲ್ಲಾ ಕೇಳಿಸ್ತು. ಉತ್ತರ ಸ್ವಲ್ಪ ಗಟ್ಟಿಯಾಗಿ ಹೇಳು."

ಅವಳು ಮುಖ ಕೆಂಪೇರಿಸಿಕೊಂಡು ನಿಂತಳು. ಮೇಷ್ಟ್ರು ಇನ್ನೊಂದು ಹೆಜ್ಜೆ ಹತ್ತಿರ ಬಂದು, ಅವಳಿಗಷ್ಟೇ ಕೇಳುವಂತೆ ಕೇಳಿದ.

"ನನಗೆ ಹತ್ತಕ್ಕೆ ಎಷ್ಟು?"

"ಎಂಟು."

ಅವನ ಮುಖ ಬಾಡಿತು. "ಯಾರ ಲೆಕ್ಕದಲ್ಲಿ? ನಿಮ್ಮ ಕಂಪನಿ ಲೆಕ್ಕದಲ್ಲಾ?"

ಅವಳು ಕೆಂಪು ಶಾಯಿಯ ಆ ಬೆರಳನ್ನು ಹಿಡಿದುಕೊಂಡಳು.

"ನಿಮ್ಮ ಲೆಕ್ಕದಲ್ಲಿ, ಮೇಷ್ಟ್ರೇ."