ಎಷ್ಟು ಆಂಪಿಯರ್?

ಹನಾದಿ ತನ್ನ ಅಂಗಡಿಯಲ್ಲಿ ಹಳೇ ಕಂಪ್ಯೂಟರೊಂದನ್ನು ಮಗ್ಗುಲಾಗಿ ಮಲಗಿಸಿ, ಫ್ಯಾನಿನ ಸಂದಿಯ ಧೂಳನ್ನು ಬ್ರಷ್ಷಿನಿಂದ ಕೆರೆಯುತ್ತಿದ್ದಳು. ಯಾವ ಆಫೀಸಿನವರು ಮಾರಿದ್ದೋ ಏನೋ, ಬೆಕ್ಕಿನ ಕೂದಲು ಹಿಡಿಹಿಡಿಯಾಗಿ ಬರುತ್ತಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬ ಗಂಡಸು ಬಂದು ನಿಂತ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಎರಡು ಹಾಳೆಯ ಪಟ್ಟಿ.

ಪಟ್ಟಿ ಕಂಡರೇ ಅವಳಿಗೆ ಮೈ ಉರಿಯುತ್ತಿತ್ತು. ಸೈದಾ ಊರಿನಲ್ಲಿ ಹಾಡು, ಫೋಟೋ ಕೂಡಿಡಲು ಮನೆಗೊಂದು ಸರ್ವರ್ ಕಂಪ್ಯೂಟರ್ ಬೇಕು ಎಂದು ಬರುವವರೆಲ್ಲ ಯಾವನೋ ಜರ್ಮನಿಯವನು ಇಂಟರ್‌ನೆಟ್ಟಿನಲ್ಲಿ ಬರೆದಿದ್ದನ್ನು ಹೊತ್ತುಕೊಂಡೇ ಬರುವವರು. ಅವನ ಮನೆಯಲ್ಲಿ ದಿನವಿಡೀ ಕರೆಂಟು ಇರುತ್ತದೆ ಎನ್ನುವಷ್ಟೂ ತಲೆ ಓಡುವುದಿಲ್ಲ.

"ಸರ್ವರ್ ಬೇಕಿತ್ತು ಮೇಡಂ. ನಾನು ಇದಕ್ಕೆ ಹೊಸಬ. ವಜೀಹ್ ಅಂತ, ಶಾಲೆಯಲ್ಲಿ ಭೂಗೋಳ ಹೇಳಿಕೊಡ್ತೀನಿ."

"ಎಷ್ಟು ಆಂಪಿಯರ್?"

ಸರ್ಕಾರದ ಕರೆಂಟು ಬಂದರೆ ಬಂತು, ಹೋದರೆ ಹೋಯಿತು. ಮಿಕ್ಕ ಹೊತ್ತೆಲ್ಲ ಬೀದಿಯ ಜನರೇಟರ್. ಅದರಿಂದ ಯಾರ ಮನೆಗೆ ಎಷ್ಟು ಆಂಪಿಯರ್ ಎನ್ನುವುದರ ಮೇಲೆ ಅವರವರ ಅಂತಸ್ತು. ಹೆಣ್ಣು ಕೊಡುವವರೂ ಮೊದಲು ಇದನ್ನೇ ಕೇಳುತ್ತಿದ್ದರು.

ವಜೀಹ್ ಒಮ್ಮೆ ಮಾಡು ನೋಡಿದ, ಒಮ್ಮೆ ಅವಳ ಕಣ್ಣು ನೋಡಿದ. "ಹತ್ತು" ಅಂದ.

ಹನಾದಿ ಪಟ್ಟಿ ಓದಿದಳು. "ಎಂಟು ಡಿಸ್ಕು, ಎರಡು ಪ್ರೊಸೆಸರು, ಹದಿನೇಳು ಸಾಫ್ಟ್‌ವೇರು. ಏನ್ ಮೇಷ್ಟ್ರೇ, ಬ್ಯಾಂಕು ತೆರೀತೀರಾ?"

"ನಮ್ಮಮ್ಮನ ಹಾಡುಗಳನ್ನ ಇಡಬೇಕು."

"ಹಾಡಿಗೆ ಇಷ್ಟು ದೊಡ್ಡ ಅರಮನೆಯಾ?"

"ನೀವು ಅವಳ ಹಾಡು ಕೇಳಿಲ್ಲ."

ಹೇಳಿ, ಕಣ್ಣು ತಗ್ಗಿಸದೆ ನಿಂತ. ಉದ್ದುದ್ದ ರೆಪ್ಪೆ. ಭೂಗೋಳದ ಮೇಷ್ಟ್ರಿಗೆ ಇಂಥ ರೆಪ್ಪೆ ಯಾತಕ್ಕೆ, ಎಂದು ಹನಾದಿ ಮನಸ್ಸಿನಲ್ಲೇ ಮೂಗು ಮುರಿದಳು. ಅವನ ನೋಟ ಅವಳ ಬೆರಳಿನ ಉಂಗುರಕ್ಕೆ ತಾಗಿ ಹಿಂದೆ ಸರಿಯಿತು.

ಉಂಗುರ ಕುವೈತಿನಲ್ಲಿರುವ ಜಲಾಲನದು. ನಿಶ್ಚಿತಾರ್ಥವಾಗಿ ಐದು ವರ್ಷ. ಪ್ರತಿ ಹಬ್ಬಕ್ಕೂ 'ಬರೋ ಹಬ್ಬಕ್ಕೆ ಬರ್ತೀನಿ'. ಮದುವೆ ಬೇಡವೆಂದು ಅವನಿಗೆ ಬರೆದ ಕಾಗದ ಹದಿನಾಲ್ಕು ತಿಂಗಳಿಂದ ಅವಳ ಫೋನಿನಲ್ಲಿ ಕಳಿಸದೆ ಬಿದ್ದಿತ್ತು. ಅಂಗಡಿಗೆ ಬರುವ ಹಲ್ಕಿರಿಯುವವರನ್ನು ದೂರ ಇಡಲು ಉಂಗುರ ಒದಗುತ್ತದೆ ಎಂದು ಅವಳು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಹಟ ಹಿಡಿದವನಿಗೆ ದೊಡ್ಡ ಸರ್ವರನ್ನೇ ಕಟ್ಟಿಕೊಟ್ಟಳು. ಮೂರನೇ ದಿನ ಫೋನು. "ಮೇಡಂ, ನಿಮ್ಮ ಸರ್ವರ್ ನಮ್ಮನೆ ಕರೆಂಟೆಲ್ಲ ನುಂಗಿಹಾಕ್ತು."

ಹೋಗಿ ನೋಡಿದರೆ, ಯಂತ್ರ ವಿಮಾನದ ಹಾಗೆ ಅರಚುವುದು, ಫ್ರಿಜ್ಜು ಗುಂಯ್‌ಗುಟ್ಟುವುದು, ಮೆಟ್ಟಿಲ ಬಳಿಯ ಜನರೇಟರ್ ಸ್ವಿಚ್ಚು ಟಪ್ಪೆಂದು ಬೀಳುವುದು. ಆ ಸ್ವಿಚ್ಚಿನ ಮೇಲಿನ ಅಂಕಿ ಓದಿ ಹನಾದಿ ಸೊಂಟಕ್ಕೆ ಕೈ ಇಟ್ಟಳು.

"ಎರಡೂವರೆ! ಹತ್ತು ಅಂದಿರಲ್ಲ ಮೇಷ್ಟ್ರೇ?"

"ನೀವು ಹಾಗೆ ನೋಡಿದ್ರಿ. ಎರಡೂವರೆ ಅನ್ನೋಕೆ ಬಾಯಿ ಬರಲಿಲ್ಲ. ಸುಳ್ಳು ಹೇಳಿದೆ. ತಪ್ಪಾಯ್ತು."

ಇಷ್ಟು ಬೇಗ ಒಪ್ಪಿಕೊಂಡವರನ್ನು ಬಯ್ದು ಅವಳಿಗೆ ರೂಢಿಯಿರಲಿಲ್ಲ.

ಒಳಗೆ ಅವನ ಅಮ್ಮ ಹುರುಳಿಕಾಯಿ ಸೋಸುತ್ತಿದ್ದಳು. ಒಂದು ಕಾಲಕ್ಕೆ ಆ ಮುದುಕಿ ಹಾಡದೆ ಸೈದಾದಲ್ಲಿ ಮದುವಣಗಿತ್ತಿ ಹೊಸಿಲು ದಾಟುತ್ತಿರಲಿಲ್ಲ. ಹನಾದಿಯನ್ನು ನೋಡಿ, ಬಾಯಿಗೆ ಅಂಗೈ ಅಡ್ಡ ಹಿಡಿದು, ಹುಡುಗಿಯ ಹುಬ್ಬು ಹೊಗಳುವ ಪದವೊಂದನ್ನು ಎತ್ತಿದಳು. ಅರ್ಧಕ್ಕೆ ನಿಂತಿತು. ಮುಂದಿನದು ಮರೆತು ಬೆಪ್ಪಾಗಿ ಮಗನ ಮುಖ ನೋಡಿದಳು. ಮಗ ಮೆಲ್ಲಗೆ ಹೇಳಿಕೊಟ್ಟ.

"ದಿನಕ್ಕೊಂದು ಮರೀತಾಳೆ" ಅಂದ. "ನಾನೂರು ಹಾಡು ರೆಕಾರ್ಡ್ ಮಾಡಿದೀನಿ. ಎಲ್ಲ ಈ ಒಡಕು ಫೋನಲ್ಲೇ ಇದೆ."

"ಬುದ್ಧಿ ಇದೆಯೇನ್ರೀ ನಿಮಗೆ?" ಅಂದಳು ಹನಾದಿ. ದನಿ ಮಾತ್ರ ಮೊದಲಿನಷ್ಟು ಗಟ್ಟಿಯಿರಲಿಲ್ಲ.

ಆ ಅರಚುವ ಯಂತ್ರ ವಾಪಸು ಹೋಯಿತು. ಬೆಕ್ಕಿನ ಕೂದಲಿನ ಹಳೇ ಆಫೀಸು ಕಂಪ್ಯೂಟರು ಬಂತು. ಒಂದು ಬಲ್ಬಿನಷ್ಟು ಕರೆಂಟು ಕುಡಿಯುವಂಥದ್ದು. ಎರಡು ಡಿಸ್ಕು, ಅದನ್ನು ನಡೆಸಲು ಪುಕ್ಕಟೆ ಸಿಗುವ ಲಿನಕ್ಸು, ಹಾಡು ಕೇಳಿಸಲು ಒಂದು ಸಾಫ್ಟ್‌ವೇರು. ಕರೆಂಟು ಹೋಗಿ ಜನರೇಟರ್ ಬರುವ ತನಕ ತಡೆಯಲು ಪುಟ್ಟ ಬ್ಯಾಟರಿ. ಪಟ್ಟಿಯ ಉಳಿದ ಹದಿನಾರು ಸಾಫ್ಟ್‌ವೇರಿಗೂ ಅವಳು ಗೀಟು ಹಾಕಿದಳು.

"ಎರಡು ಡಿಸ್ಕಲ್ಲೂ ಹಾಡಿದೆ ಅಂತ ಬೀಗಬೇಡಿ. ಒಂದರಲ್ಲಿ ಕೈತಪ್ಪಿ ಅಳಿಸಿದ್ರೆ ಎರಡರಲ್ಲೂ ಹೋಗುತ್ತೆ. ಮೂರನೇ ಪ್ರತಿ ಬೇರೆ ಕಡೆ ಇರಬೇಕು."

"ಬೇರೆ ಕಡೆ ನನಗ್ಯಾರಿದಾರೆ? ನಿಮ್ಮ ಅಂಗಡೀಲಿ ಇಡ್ಲಾ?"

"ವಾರಕ್ಕೊಮ್ಮೆ ಬಂದು ಹೊಸದನ್ನ ಸೇರಿಸಬೇಕು. ಗುರುವಾರ."

"ದಿನಾ ಬೇಕಾದ್ರೂ ಬರ್ತೀನಿ."

"ಗುರುವಾರ ಅಂದೆ."

ಆರು ಗುರುವಾರ ಬಂದ. ಜೊತೆಗೆ ತುಪ್ಪದ ಬಿಸ್ಕತ್ತು ತರುತ್ತಿದ್ದ. ಅವಳು "ಥೂ, ಬರೀ ಸಕ್ಕರೆ" ಎನ್ನುತ್ತಲೇ ಪೊಟ್ಟಣ ಖಾಲಿ ಮಾಡುತ್ತಿದ್ದಳು. ಜಲಾಲನ ಐದು ವರ್ಷದ ಕತೆಯನ್ನೂ ಒಂದು ಗುರುವಾರ ಅವಳೇ ಬಾಯಿತಪ್ಪಿ ಹೇಳಿಬಿಟ್ಟಿದ್ದಳು. ಅವನು ರೆಪ್ಪೆಯಡಿ ನಗುವುದು ಕಂಡರೂ ಕಾಣದವಳಂತೆ ಸ್ಕ್ರೂ ಬಿಗಿಯುತ್ತಿದ್ದಳು.

ಏಳನೇ ಗುರುವಾರ ಮಧ್ಯಾಹ್ನ, ಆಂಪಿಯರ್ ಹೆಚ್ಚಿಗೆ ಹೇಳಿದ ಗಿರಾಕಿಯೊಬ್ಬನನ್ನು ಹನಾದಿ ಝಾಡಿಸಿ ಅಟ್ಟಿದಳು. "ಸುಳ್ಳುಬುರುಕರು!"

ವಜೀಹ್ ಡಿಸ್ಕನ್ನು ಮೇಜಿನ ಮೇಲಿಟ್ಟ. "ಆ ಉಂಗುರಕ್ಕೆ ಈಗ ಎಷ್ಟು ಆಂಪಿಯರ್ ಬರ್ತಿದೆ ಮೇಡಂ?"

ಅವಳ ಮುಖ ಕೆಂಡವಾಯಿತು. "ಆಚೆ ನಡೀರಿ!"

"ನಡೀತೀನಿ. ಸುಳ್ಳು ಹೇಳಿ ನಾನು ಮೂರೇ ದಿನಕ್ಕೆ ಸೋತೆ. ನೀವು ಅವನು ಬರ್ತಾನೆ ಅಂತ ಐದು ವರ್ಷದಿಂದ ಹೇಳ್ಕೊಂಡು ಕೂತಿದೀರಿ. ನನಗೆ ನೀವು ಬೇಕು, ಅದು ನಿಜ. ಬೇಡ ಅಂದ್ರೆ ಬಾಯಿಬಿಟ್ಟು ಬೇಡ ಅನ್ನಿ, ಕೇಳ್ತೀನಿ. ಉಂಗುರ ತೋರಿಸಬೇಡಿ."

ಹೋಗಿ ಹೊರಗಿನ ಮೆಟ್ಟಿಲ ಮೇಲೆ ಕೂತ.

ಹನಾದಿ ಫೋನು ತೆಗೆದಳು. ಹದಿನಾಲ್ಕು ತಿಂಗಳ ಹಿಂದಿನ ಕಾಗದ, ಸಾಲು ಸಾಲಿಗೂ ಕ್ಷಮಿಸು, ಕ್ಷಮಿಸು. ಓದಿ ತನ್ನ ಮೇಲೇ ಹೇಸಿಗೆಯಾಯಿತು. ಊರನ್ನೆಲ್ಲ ಆಡಿಕೊಂಡು ನಗುವ ಹೆಂಗಸು ಬರೆದದ್ದು ಇದೇನಾ? ಒಂದೊಂದೇ ಅಳಿಸಿದಳು. ಕೊನೆಗೆ ಉಳಿದದ್ದು ಇಷ್ಟು: "ಜಲಾಲ್, ಐದು ವರ್ಷ ಕಾದೆ. ಇನ್ನು ಕಾಯುವುದಿಲ್ಲ. ಉಂಗುರ ನಾಳೆ ನಿನ್ನ ಅಮ್ಮನ ಕೈ ಸೇರುತ್ತದೆ."

ಒತ್ತಿದಳು. ಅದೇ ಗಳಿಗೆಗೆ ಕರೆಂಟು ಹೋಯಿತು. ವೈಫೈ ಸತ್ತಿತು. ಕಾಗದ ಹೋಗದೆ ಅಲ್ಲೇ ಸುತ್ತುತ್ತ ನಿಂತಿತು.

"ಊರಿಗೆಲ್ಲ ಬ್ಯಾಟರಿ ಮಾರ್ತೀರಿ" ಅಂತು ಮೆಟ್ಟಿಲಿನ ದನಿ, "ನಿಮ್ಮ ವೈಫೈಗೆ ಒಂದು ಇಟ್ಕೊಂಡಿಲ್ವಾ?"

"ಬಾಯಿ ಮುಚ್ಕೊಂಡು ಕೂತ್ಕೊಳ್ಳಿ ಮೇಷ್ಟ್ರೇ. ಎದ್ದು ಹೋದ್ರೆ ನೋಡಿ ಮತ್ತೆ!"

ಕಳಿಸಲಾಗಲಿಲ್ಲ, ಇನ್ನೊಮ್ಮೆ ಕಳಿಸಬೇಕೇ ಎಂದು ಫೋನು ಕೇಳಿತು. ಎದುರು ಬೀದಿಯಲ್ಲಿ ಜನರೇಟರ್ ಎರಡು ಸಲ ಕೆಮ್ಮಿ ಹತ್ತಿಕೊಂಡಿತು. ಅಂಗಡಿಯ ದೀಪ ಮಿನುಗಿ ಉರಿಯಿತು, ವೈಫೈಗೂ ಜೀವ ಬಂತು. ಹನಾದಿ ಉಂಗುರ ಕಳಚಿ ಮೇಜಿನ ಮೇಲಿಟ್ಟು, ಬರಿಬೆರಳಿನಲ್ಲಿ ಮತ್ತೊಮ್ಮೆ ಒತ್ತಿದಳು.

ಕಾಗದ ಹೋಯಿತು.