ಹುಣ್ಣಿಮೆ ದಿನ ಮಾಯವಾದ ಓತಿ

ಬಟ್ಟೆ ಚೀಲ ಬರಿದಾಗಿತ್ತು.

"ನಿನ್ನೆ ಸಂಜೆ ನಾನೇ ಕಟ್ಟಿಟ್ಟಿದ್ದೆ ಸರ್." ಸಂಶೋಧಕಿ ಹರ್ಷನಿ ಚೀಲದತ್ತ ಬೆರಳು ತೋರಿಸಿದಳು. "ಮೂಗಿನ ಮೇಲೆ ಸುರುಳಿ ಕೊಂಬಿತ್ತು. ಅಂಥ ಓತಿ ಯಾವ ಪುಸ್ತಕದಲ್ಲೂ ಇಲ್ಲ."

ವನಾಧಿಕಾರಿ ತಿಲಕಸಿರಿಗೆ ಸಂಕಟವಾಯಿತು. ಹಿಡಿಯಲು ಅನುಮತಿ ಇದ್ದದ್ದು ಒಂದೇ ಓತಿಗೆ, ಅದೂ ನಾಳೆಯವರೆಗೆ. ಓತಿಯನ್ನು ಕೊಂದು, ಮಾದರಿಯಾಗಿ ಸೀಸೆಯಲ್ಲಿಟ್ಟು ತೋರಿಸದೆ ಹೊಸ ಜಾತಿಯೆಂದರೆ ಯಾರೂ ಒಪ್ಪುವುದಿಲ್ಲ. ಒಪ್ಪದಿದ್ದರೆ ರಕ್ವಾನ ಬೆಟ್ಟದ ಈ ಕಣಿವೆ ವಿದ್ಯುತ್ ಯೋಜನೆಯ ಪಾಲು.

ಅನುಮಾನ ಮೊದಲು ಹರ್ಷನಿಯ ಜೀಪಿನ ಚಾಲಕ ಸುಮನದಾಸನ ಮೇಲೆ ಬಿತ್ತು. ಓತಿ ಕದ್ದು ಹೊರದೇಶಕ್ಕೆ ಮಾರುವವರ ಜೊತೆ ಅವನು ಚಹಾ ಕುಡಿದದ್ದನ್ನು ಊರೇ ನೋಡಿತ್ತು.

"ಚಹಾ ಕುಡಿದೋರೆಲ್ಲ ಕಳ್ಳರಾದ್ರೆ ನಿಮ್ಮ ಕಚೇರೀಲಿ ಉಳಿಯೋರು ಯಾರು ಸರ್?"

ತಿಲಕಸಿರಿ ನಗು ತಡೆದುಕೊಂಡು ಚೀಲವನ್ನು ಮತ್ತೆ ನೋಡಿದ. ಗಂಟನ್ನು ಯಾರೋ ನಾಜೂಕಾಗಿ ಬಿಚ್ಚಿದ್ದರು. ಚೀಲವನ್ನು ನಾಲ್ಕಾಗಿ ಮಡಚಿಟ್ಟಿದ್ದರು.

* * *

ಸಂಜೆ ಬಿಡಾರದ ಅಡುಗೆಯ ಗುಣವತಿ ಬುದ್ಧ ವಿಹಾರದಿಂದ ಮರಳಿದಳು. ಬೌದ್ಧರ ಪೋಯ ಹುಣ್ಣಿಮೆಯ ವ್ರತ, ಮೈಮೇಲೆ ಬಿಳಿ ಸೀರೆ.

"ಅಕ್ಕಾ, ಬುದ್ಧನಿಗೆ ಹೂ ಯಾವುದರಲ್ಲಿ ಒಯ್ದೆ?" ತಿಲಕಸಿರಿ ಕೇಳಿದ.

"ಬುಟ್ಟೀಲಿ. ಇನ್ಯಾವುದರಲ್ಲಿ?"

"ಬುಟ್ಟಿ ಇಲ್ಲೇ ಇದೆಯಲ್ಲ!"

ಅಟ್ಟದ ಮೇಲಿನ ಹೂಬುಟ್ಟಿಗೆ ಒದ್ದೆ ಬಟ್ಟೆ ಹೊದಿಸಿತ್ತು. ತಿಲಕಸಿರಿ ಅದನ್ನು ಸರಿಸಿದ. ಪಾಚಿಯ ನಡುವೆ ಕೊಂಬಿನ ಓತಿ ಕೂತಿತ್ತು. ಪಕ್ಕದ ಮಣ್ಣಿನಲ್ಲಿ ನಾಲ್ಕು ಬಿಳಿ ಮೊಟ್ಟೆಗಳು.

"ಕಳ್ಳ ಚೀಲ ಸಮೇತ ಓಡ್ತಾನೆ, ಮಡಚಿಡ್ತಾ ಕೂರಲ್ಲ," ಎಂದ ತಿಲಕಸಿರಿ. "ಇದು ಮನೆ ಒಪ್ಪ ಮಾಡೋ ಕೈ. ಪೋಯ ದಿನ ಯಾರೂ ಬುಟ್ಟಿ ಬಿಟ್ಟು ವಿಹಾರಕ್ಕೆ ಹೋಗಲ್ಲ. ಅದರಲ್ಲಿ ಬೇರೆ ಏನೋ ಇರಬೇಕು."

ಗುಣವತಿ ಪಕ್ಕದಲ್ಲಿದ್ದ ಹರ್ಷನಿಯತ್ತ ತಿರುಗಿದಳು. "ಅದರ ಹೊಟ್ಟೆ ಬಿರಿಯೋ ಹಾಗಿತ್ತು ಮಗಳೇ. ಪೋಯ ದಿನ ಬಸುರೀನ ಕೊಲ್ಲೋದಾ? ಹೊರೆ ಇಳಿಸ್ಲಿ, ನಾಳೆ ಕೊಡೋಣ ಅಂತಿದ್ದೆ. ಕೇಳಿದ್ರೆ ಬೇಡ ಅಂತೀಯೇನೋ ಅಂತ ಹೆದರಿದೆ."

ಹರ್ಷನಿ ಅವಳ ಎರಡೂ ಕೈ ಹಿಡಿದುಕೊಂಡಳು. "ಅವಸರದಲ್ಲಿ ನಾನು ಹೊಟ್ಟೆ ನೋಡೇ ಇರ್ಲಿಲ್ಲಮ್ಮಾ. ನೀನಿಲ್ದಿದ್ರೆ ತಾಯಿ ಜೊತೆ ಈ ನಾಲ್ಕು ಜೀವಾನೂ ಹೋಗ್ತಿದ್ವು. ನಿನ್ನ ಋಣ ಹೇಗೆ ತೀರಿಸ್ಲಿ?"

ಕಳ್ಳತನವಾಗಿಲ್ಲ ಎಂದು ತಿಲಕಸಿರಿ ಬರೆದುಕೊಂಡ.

* * *

ಮರುದಿನ ತಾಯಿ ಸೀಸೆ ಸೇರಿತು. ಮೊಟ್ಟೆಗಳನ್ನು ಮಣ್ಣಿನ ಸಮೇತ ಕಾಡಿನ ಬೇರಿನಡಿ ಇಟ್ಟು ಬಂದರು. ಹರ್ಷನಿ ಹೊಸ ಜಾತಿಗೆ ಗುಣವತಿಯ ಹೆಸರಿಟ್ಟಳು.

"ಸತ್ತದ್ದಕ್ಕೆ ನನ್ನ ಹೆಸರು ಬೇಡ ಮಗಳೇ."

"ಅದೊಂದಕ್ಕೇ ಅಲ್ಲಮ್ಮಾ. ಆ ನಾಲ್ಕೂ, ಅವುಗಳ ಮರಿಮಕ್ಕಳೂ ಎಲ್ಲಾ ಗುಣವತಿಗಳೇ. ಇನ್ನು ಈ ಕಣಿವೆ ಮುಟ್ಟೋರು ನಿನ್ನನ್ನ ಕೇಳ್ಬೇಕು."

ಗುಣವತಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಗಂಡು ಹುಟ್ಟಿದ್ರೆ?"